ಬೆಂಡಿನ ಊರಿಗೆ ಹೊಳೆ ಬಂದಾಗ

ಡ್ರಾಯಿಂಗ್ ಮಾಸ್ತರನಾದವನಿಗೆ ಮಕ್ಕಳಿಂದ ಚಿತ್ರ ಬರೆಸುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸಗಳು ಹುಡುಕಿಕೊಂಡು ಬರುತ್ತವೆ. ಗಣಪತಿಗೆ ಬಣ್ಣ, ನಾಟಕಕ್ಕೆ ಪರದೆ, ಮಂತ್ರಿಗಳು ಬಂದರೆ ಕಮಾನು, ಮದುವೆಯಿದ್ದರೆ ಬಾಗಿಲ ಮೇಲೆ 'ಸುಸ್ವಾಗತ'. ಚಿತ್ತಾಪುರದ ಶಾಲೆಯಲ್ಲಿ ಇದನ್ನೆಲ್ಲ ಮಾಡಿಕೊಂಡು ನಾನು ತಣ್ಣಗಿದ್ದೆ. ಒಂದು ದಿನ ಗುಲಬರ್ಗಾದಿಂದ ಒಬ್ಬ ಸಾಹೇಬರು ಬಂದು ನನ್ನ ಕೈಗೆ ಒಂದು ಪ್ರವಾಹವನ್ನೇ ಕೊಟ್ಟು ಹೋದರು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿದ್ದರೂ ನಮ್ಮ ಕಡೆಯ ಬೋರ್ಡುಗಳ ಮೇಲೆ 'ಮೈಸೂರು ರಾಜ್ಯ' ಇನ್ನೂ ಅಳಿಸದೇ ಉಳಿದಿದ್ದ ಕಾಲ ಅದು. ಸಾಹೇಬರು ಮುಂಬಯಿಯಲ್ಲಿ ಯಾವುದೋ ಮ್ಯೂಸಿಯಂ ನೋಡಿ ಬಂದಿದ್ದರು. ಅಲ್ಲಿ ಗುಂಡಿ ಒತ್ತಿದರೆ ದೀಪ ಹತ್ತುತ್ತಿತ್ತಂತೆ, ಹಿಡಿಕೆ ತಿರುಗಿಸಿದರೆ ಗಿರಣಿ ತಿರುಗುತ್ತಿತ್ತಂತೆ. ನಮ್ಮ ಕಡೆಯ ಮುದುಕರೆಲ್ಲ ಸಣ್ಣವರಿದ್ದಾಗ ಕಾಗಿಣಾ ಹೊಳೆ ಉಕ್ಕಿ ದಂಡೆಯ ಮೇಲಿನ ದಂಡೋತಿ ಊರಿನೊಳಗೆ ನುಗ್ಗಿತ್ತು. ಮನೆಗಳು ಬಿದ್ದಿದ್ದವು, ದನಕರು ಹೋಗಿದ್ದವು, ಜನ ದಿಬ್ಬದ ಮೇಲೆ ಕೂತು ಜೀವ ಉಳಿಸಿಕೊಂಡಿದ್ದರು. ಆ ಊರಿನ ಹಳೇ ಚಾವಡಿಯಲ್ಲಿ ಅದರದ್ದೊಂದು ಸಣ್ಣ ಮ್ಯೂಸಿಯಂ ಆಗಬೇಕೆಂದು ಸಾಹೇಬರ ಆಸೆ. "ಮಂದಿ ಬರೇ ನೋಡಿ ಹೋಗಬಾರದು, ತಾವೇ ಕೈಲಿಂದ ಮಾಡಿ ತಿಳ್ಕೋಬೇಕು," ಎಂದರು. ಅಂದರೆ ಬಂದವರು ಚಕ್ರ ತಿರುಗಿಸಬೇಕು, ಹೊಳೆ ಏರಬೇಕು, ಊರು ಮುಳುಗಬೇಕು.

ಊರು ಮುಳುಗಿಸುವ ಕೆಲಸಕ್ಕೆ ಕೈ ಹಾಕಿದ ಮೇಲೆ ದಿನಗಳು ಸುಮ್ಮನೆ ಹೋಗುತ್ತವೆಯೇ? ಒಂದಿಲ್ಲೊಂದು ನಡೆಯುತ್ತಲೇ ಇತ್ತು. ಊರೆಲ್ಲ ನಕ್ಕರೂ ನನಗೆ ಮಾತ್ರ ಆಗ ನಗು ಬರುತ್ತಿರಲಿಲ್ಲ. ಯಾಕೆಂದರೆ ನಾನು ಕಟ್ಟುತ್ತಿದ್ದ ಆ ಪುಟ್ಟ ಊರಿನಲ್ಲಿ ಒಬ್ಬ ಹುಡುಗಿಯ ಮದುವೆ ಸಿಕ್ಕಿಹಾಕಿಕೊಂಡಿತ್ತು.

ನೀರು ಎಲ್ಲಿತನಕ ಬಂದಿತ್ತು?

ಮೊದಲು ನೀರು ಎಷ್ಟು ಎತ್ತರ ಬಂದಿತ್ತೆಂದು ಗೊತ್ತಾಗಬೇಕಲ್ಲ. ಚಾವಡಿಯ ನಡುವೆ ಒಂದು ಕಂಬ ನಿಲ್ಲಿಸಿ, ಸುಣ್ಣದ ಡಬ್ಬಿ ಹಿಡಿದುಕೊಂಡು ಊರಿನ ಹಿರಿಯರನ್ನು ಕರೆದೆ.

ಕೆಳಗಿನ ಓಣಿಯ ಮುತ್ಯಾ ಎದೆಯ ಮೇಲೆ ಕೈ ಇಟ್ಟು, "ಇಲ್ಲಿತನಕ ನೋಡ್ರಿ," ಎಂದ. ಕಂಬದ ಮೇಲೆ ಅಷ್ಟೇ ಎತ್ತರಕ್ಕೆ ಗೆರೆ ಎಳೆದೆ. ಮೇಲಿನ ಓಣಿಯ ಮುತ್ಯಾ ಆ ಗೆರೆಯನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, "ಅವರಿಗಿ ಎದಿತನಕ ಅಂದ್ರ ನಮಗ ಕುತ್ತಿಗಿತನಕ ಬಂದಿತ್ತು, ಬರಕೋರಿ," ಎಂದ.

"ಮುತ್ಯಾ, ನಿಮ್ಮ ಓಣಿ ಎತ್ತರದಾಗ ಅದಲ್ಲ," ಎಂದೆ.

"ಎತ್ತರದಾಗ ಇದ್ರೇನಾತು? ನಮಗೇನು ಮರ್ಯಾದಿ ಇಲ್ಲೇನು?"

ಆಮೇಲೆ ಮಸೀದಿ ಹಿಂದಿನ ಮೊಹಲ್ಲಾದ ಚಾಚಾ ಎದ್ದು ತಮ್ಮಲ್ಲಿ ಬಾಗಿಲ ಚೌಕಟ್ಟು ಮುಳುಗಿತ್ತೆಂದರು. ಅವರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ತಮ್ಮ ಮಾಳಿಗೆಯ ಮೇಲೆ ಮೀನು ಓಡಾಡಿದ್ದವೆಂದರು. ಗೆರೆ ಏರುತ್ತ ಏರುತ್ತ ಕಂಬದ ತುದಿ ಮುಟ್ಟಿತು. ಕಷ್ಟದಲ್ಲಿ ತಮ್ಮ ಪಾಲು ಕಡಿಮೆಯಾಗಬಾರದೆಂದು ಜನ ಇಷ್ಟು ಹಟ ಮಾಡುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಗ ಎದ್ದರು ಕಿರಾಣಿ ಅಂಗಡಿಯ ಸಾವುಕಾರರು. ಅವರ ಮನೆ ಹೊಳೆಯ ದಂಡೆಗೇ ಇತ್ತು, ಊರಿನಲ್ಲೇ ಎಲ್ಲಕ್ಕಿಂತ ತಗ್ಗಿನಲ್ಲಿ. "ನಮ್ಮ ಮನಿ ಕಟ್ಟಿ ಸುದ್ದಾ ತೊಯ್ದಿಲ್ರಿ ಮಾಸ್ತರ್ರ. ಹಂಗೇ ಬರಕೋರಿ," ಎಂದರು. ಚಾವಡಿಗೆ ಚಾವಡಿಯೇ ನಕ್ಕಿತು.

ಸಾವುಕಾರರು ನಗಲಿಲ್ಲ. ನನ್ನನ್ನು ಹೊರಗೆ ಕರೆದೊಯ್ದು ವಿಷಯ ಹೇಳಿದರು. ಅವರ ದೊಡ್ಡ ಮಗಳಿಗೆ ಹಿಂದೊಂದು ಸಂಬಂಧ ಬಂದು ಮುರಿದಿತ್ತು. ಹುಡುಗಿಯಲ್ಲಿ ಏನೂ ಕೊರತೆ ಇರಲಿಲ್ಲ, ತಕರಾರು ಇದ್ದದ್ದು ಮನೆಯ ಮೇಲೆ. ಮೊದಲ ಬಾಣಂತನ ತವರಿನಲ್ಲೇ ಆಗಬೇಕು. ಮಳೆಗಾಲದಲ್ಲಿ ಬಾಣಂತಿ ಮಲಗಿದ್ದಾಗ ಹೊಳೆ ಒಳಗೆ ಬಂದರೆ ಏನು ಗತಿ ಎಂದು ಗಂಡಿನವರು ಎದ್ದು ಹೋಗಿದ್ದರಂತೆ. ಈಗ ಶಹಾಬಾದಿನಿಂದ ಇನ್ನೊಂದು ಸಂಬಂಧ ಕುದುರುತ್ತಿತ್ತು. ಅವರು ಊರಿಗೆ ಬಂದಾಗ ಹೊಸ ಮ್ಯೂಸಿಯಂ ನೋಡದೇ ಹೋಗುತ್ತಾರೆಯೇ?

"ನಮ್ಮ ಮನಿ ಒಂದು ನೀರಿನ ಮ್ಯಾಲ ಇಡ್ರಿ ಸಾಕು," ಎಂದರು.

"ಇತಿಹಾಸ ಬದಲಿ ಮಾಡ್ಲಿಕ್ಕ ಬರಂಗಿಲ್ರಿ ಸಾವ್ಕಾರ್ರ."

"ಇತಿಹಾಸದ್ದೇನು ಗಂಟು ಹೋಗ್ತದ್ರಿ? ಹೋಗೋದು ನನ್ನ ಮಗಳ ಲಗ್ನ."

ಅವರ ಕಣ್ಣಲ್ಲಿ ನೀರಿತ್ತು. ಅಯ್ಯೋ ಪಾಪ ಅನ್ನಿಸಿತು, ಆದರೂ ಆಗುವುದಿಲ್ಲ ಎಂದೆ. ಒಳಗೆ ಬಂದರೆ ಕೆಳಗಿನ ಓಣಿಯ ಮುತ್ಯಾ ಕಂಬದ ಹತ್ತಿರ ಇನ್ನೂ ನಿಂತಿದ್ದ. ತನ್ನ ಗೆರೆ ಎಲ್ಲರದ್ದಕ್ಕಿಂತ ಕೆಳಗೆ ಉಳಿದದ್ದು ಅವನಿಗೆ ಸರಿ ಬಂದಿರಲಿಲ್ಲ.

"ಮಾಸ್ತರ, ಎದಿತನಕ ಅಂದಿದ್ನಲ್ಲ, ಒಂದು ಮಾತು ಹೇಳೋದು ಉಳದದ. ಆಗ ನಮ್ಮಪ್ಪ ನನ್ನ ಬೇವಿನ ಗಿಡದ ಮ್ಯಾಲ ಕುಂದ್ರಿಸಿದ್ದ."

ನೆಟ್ಟಗಾದ ಹೊಳೆ

ಹೊಳೆಯ ಪಾತ್ರವನ್ನು ಕಲ್ಲಿನಲ್ಲೇ ಕಡೆಸಬೇಕೆಂದು ಶಹಾಬಾದಿಗೆ ಹೋದೆ. ಪರಸಿಕಲ್ಲಿನ ಊರು, ನಮ್ಮ ಕಡೆಯ ಮನೆಗಳ ನೆಲವೆಲ್ಲ ಅಲ್ಲಿಂದಲೇ ಬರುವುದು. ಕಲ್ಲು ಕಡೆಯುವ ಒಬ್ಬ ಹಿರಿಯನಿಗೆ ದೊಡ್ಡ ಕಾಗದದ ಮೇಲೆ ಕಾಗಿಣಾದ ನಕ್ಷೆ ಬರೆದು ಕೊಟ್ಟೆ. ಒಂದು ತುದಿಗೆ ಮಳಖೇಡದ ಕೋಟೆ, ಅದು ಮೇಲ್ಭಾಗ. ನಡುವೆ ದಂಡೋತಿ. ಇನ್ನೊಂದು ತುದಿಗೆ ಶಹಾಬಾದಿನ ಚಿಮಣಿಗಳು, ಅಲ್ಲಿಗೆ ಹೊಳೆ ಇಳಿದು ಬರುತ್ತದೆ. ನಡುನಡುವೆ ಹೊಳೆಯ ಡೊಂಕುಗಳನ್ನು ನಾನು ಬಹಳ ಮುತುವರ್ಜಿಯಿಂದ ಬರೆದಿದ್ದೆ.

ತಿರುಗಿ ಹೋದಾಗ ಕಲ್ಲು ತಯಾರಾಗಿತ್ತು. ನುಣುಪು ನೋಡಿದರೆ ಮುಖ ಕಾಣಬೇಕು, ಅಷ್ಟು ಚಂದ. ಹೊಳೆ ಮಾತ್ರ ಈ ತುದಿಯಿಂದ ಆ ತುದಿಗೆ ಗೆರೆ ಎಳೆದಂತೆ ನೆಟ್ಟಗಿತ್ತು.

"ಡೊಂಕು ಎಲ್ಲಿ ಹೋದ್ವಪಾ?" ಎಂದೆ.

"ತೆಗೆದೀನ್ರಿ. ನಾ ಉಳಿ ಹಿಡಿದಾಗಿನಿಂದ ಡೊಂಕು ಕಲ್ಲು ಯಾರಿಗೂ ಕೊಟ್ಟಿಲ್ಲ. ನಾಳಿ ಮಂದಿ ಇದು ಯಾರ ಕೈ ಕೆಲಸ ಅಂತ ಕೇಳಿದ್ರ?"

"ಆದ್ರ ಹೊಳಿ ಡೊಂಕೇ ಅದಲ್ಲ. ಆ ಡೊಂಕಿನಾಗೇ ನೀರು ತಿರುಗಿ ಊರಾಗ ನುಗ್ಗಿತ್ತು."

ಅವನು ಉಳಿ ಕೆಳಗಿಟ್ಟು ನನ್ನನ್ನು ಕನಿಕರದಿಂದ ನೋಡಿದ.

"ನೋಡ್ರಿ ಮತ್ತ. ಆಗ ನನಗ ಒಂದು ಮಾತು ಹೇಳಿದ್ರ ಊರು ಉಳೀತಿತ್ತು."

ಏರೋದು ಮತ್ತು ಇಳಿಯೋದು

ಡೊಂಕಿನ ಹೊಳೆಯನ್ನು ಮತ್ತೆ ಕಡೆಸಿ ತಂದಾಯಿತು. ಇನ್ನು ಚಕ್ರ. ವಾಡಿಯಲ್ಲಿ ಕೆಲಸದಿಂದ ನಿವೃತ್ತರಾದ ಒಬ್ಬ ಫಿಟ್ಟರ್ ಇದ್ದರು. ಮನೆಯ ಮುಂದೆ ಕೂತು ಊರಿನವರ ಸ್ಟೋವು, ಪಂಪು, ಹೊಲಿಗೆ ಮಷೀನು ರಿಪೇರಿ ಮಾಡುತ್ತಿದ್ದರು. ಅವರು ಒಂದು ಕಬ್ಬಿಣದ ಚಕ್ರ, ಅದರ ಬೆನ್ನಿಗೆ ಒಂದು ಪಂಪು ಜೋಡಿಸಿ ಕೊಟ್ಟರು. ಚಕ್ರ ತಿರುಗಿಸಿದರೆ ಕೆಳಗಿನ ತೊಟ್ಟಿಯಿಂದ ನೀರು ಹೊಳೆಗೆ ಏರುತ್ತಿತ್ತು.

ಆಗ ನಾನು ಮನೆಗಳನ್ನು ಜೇಡಿಮಣ್ಣಿನಲ್ಲಿ ಮಾಡಿದ್ದೆ. ಕಿಟಕಿ, ಕಟ್ಟೆ, ಮಾಳಿಗೆಯ ಬೆಳಕಿಂಡಿ, ಒಂದನ್ನೂ ಬಿಟ್ಟಿರಲಿಲ್ಲ. ದಂಡೋತಿಯವರು ಬಂದು ಇದು ನಮ್ಮದು, ಅದು ನಿಮ್ಮದು ಎಂದು ಬೆರಳಿಟ್ಟು ತೋರಿಸುತ್ತಿದ್ದರು. ನನಗೂ ಸ್ವಲ್ಪ ಜಂಬ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಫಿಟ್ಟರ್ ತಾವೇ ಬಂದು ಮೊದಲ ಸಲ ಚಕ್ರ ತಿರುಗಿಸಿದರು. ನೀರು ಏರಿತು. ಮನೆಗಳ ಬುಡ ಮುಟ್ಟಿತು. "ಸಾಕ್ರಿ, ಇಳಸ್ರಿ," ಎಂದೆ.

"ಇಳಸೋದಾ?"

"ಹೌದ್ರಿ, ನೀರು ಇಳಸ್ರಿ."

ಅವರು ಚಕ್ರವನ್ನು ಹಿಂದಕ್ಕೆ ತಿರುಗಿಸಲು ನೋಡಿದರು, ಆದರೆ ಅದು ಹಿಂದಕ್ಕೆ ಬರುವಂಥದ್ದೇ ಆಗಿರಲಿಲ್ಲ. ಅಷ್ಟರಲ್ಲಿ ಮೊದಲನೇ ಮನೆ ಕೆಸರಾಯಿತು, ಆಮೇಲೆ ಸಾಲಿಗೆ ಸಾಲೇ ಹೋಯಿತು. ನಾನು ತಂಬಿಗೆಯಿಂದ ನೀರು ಮೊಗೆದು ಕಿಟಕಿಯಾಚೆ ಚೆಲ್ಲುತ್ತಿದ್ದರೆ ನೋಡಲು ಬಂದವರು ತಮ್ಮ ತಮ್ಮ ಮನೆ ಉಳಿಸಲು ಕೂಗುತ್ತಿದ್ದರು. ಕೊನೆಗೆ ಊರು ಅಂತ ಉಳಿದದ್ದು ಒಂದು ಬುಟ್ಟಿ ಮಣ್ಣು.

"ಏರಸಬೇಕು ಅಂದಿದ್ರಿ, ಏರಸಿ ಕೊಟ್ಟೀನಿ. ಇಳಸಬೇಕು ಅಂತ ನೀವು ಎಲ್ಲಿ ಹೇಳಿದ್ರಿ?" ಎಂದರು ಫಿಟ್ಟರ್. ಹೊಳೆಯ ತಳಕ್ಕೆ ಒಂದು ತೂತು ಕೊರೆದು ಬೂಚು ಹಾಕಿಕೊಟ್ಟರು. ಹೊರಡುವಾಗ ಬಾಗಿಲಲ್ಲಿ ನಿಂತು ಸಮಾಧಾನವನ್ನೂ ಹೇಳಿದರು.

"ಮನಸ್ಸಿಗಿ ಹಚ್ಕೋಬ್ಯಾಡ್ರಿ ಮಾಸ್ತರ. ಖರೇ ಹೊಳಿನೂ ಹಿಂಗೇ ಮಾಡಿರಬೇಕು."

ಏನು ಉಳಿಸ್ತೀರಿ?

ಮಣ್ಣು ಬಿಟ್ಟು ಬೆಂಡಿನಲ್ಲಿ ಮನೆ ಮಾಡಿದೆ. ಕೆತ್ತಲು ಹಗುರ, ಮೇಲೆ ಎಣ್ಣೆ ಬಣ್ಣ ಬಳಿದರೆ ನೀರಿಗೂ ಅಂಜುವುದಿಲ್ಲ. ಒಂದೊಂದನ್ನೂ ಕಲ್ಲಿಗೆ ಅಂಟಿನಿಂದ ಕೂಡಿಸಿದೆ.

ಪಕ್ಕದ ಕೋಣೆಯಲ್ಲಿ ಇನ್ನೊಂದು ಆಟ. ಚಿಂಚೋಳಿಯ ಬಡಿಗನಿಂದ ಮರದ ಸಣ್ಣ ಸಣ್ಣ ಸಾಮಾನು ಮಾಡಿಸಿದ್ದೆ: ಕೊಡ, ಬೀಸುಕಲ್ಲು, ಜೋಳದ ಚೀಲ, ತೊಟ್ಟಿಲು, ಆಡು, ದೇವರ ಪೆಟ್ಟಿಗೆ, ಕೀಲಿ, ಮತ್ತೆ ಒಂದೆರಡು ಗೊಂಬೆ ಮನುಷ್ಯರು. ಹೊಳೆ ಬಂದಿದೆ, ಕೈಯಲ್ಲಿ ಒಂದೇ ಒಂದು ಸಣ್ಣ ಬುಟ್ಟಿ ಇದೆ, ಏನನ್ನು ತೆಗೆದುಕೊಂಡು ಮೂಲೆಯಲ್ಲಿ ಕಟ್ಟಿದ ಈ ದಿಬ್ಬ ಹತ್ತುತ್ತೀರಿ ಎಂದು ಬಂದವರನ್ನು ಕೇಳುವುದು.

ಒಬ್ಬ ವಯಸ್ಸಾದ ದರ್ಜಿ ಕೀಲಿಯೊಂದನ್ನೇ ಬುಟ್ಟಿಗೆ ಹಾಕಿಕೊಂಡು ನಡೆದರು. "ನೀರಿಗಿ ಕೀಲಿ ಹಾಕಿ ಏನು ಉಪಯೋಗ್ರಿ ಚಾಚಾ?" ಎಂದೆ. "ಕೀಲಿ ನೀರಿಗಲ್ಲ ಮಾಸ್ತರ್ ಸಾಬ್, ಮಂದಿಗಿ," ಎಂದರು.

ಒಬ್ಬ ಮುದುಕಿ ಮಾತ್ರ ತೊಟ್ಟಿಲು ಎತ್ತಿ ಬುಟ್ಟಿಯಲ್ಲಿಟ್ಟು, ಬುಟ್ಟಿಯನ್ನು ತಿರುಗಿ ಕೊಡದೆ ಬಹಳ ಹೊತ್ತು ಹಿಡಿದುಕೊಂಡೇ ನಿಂತಳು. ಅಲ್ಲಿಯವರೆಗೆ ನಾನು ಆಟಿಕೆ ಮಾಡುತ್ತಿದ್ದೇನೆಂದೇ ತಿಳಿದಿದ್ದೆ.

ಸೇಡಂನಿಂದ ಒಬ್ಬ ವಕೀಲರು ಹೆಂಡತಿಯೊಂದಿಗೆ ಬಂದಿದ್ದರು. ವಕೀಲರು ದೇವರ ಪೆಟ್ಟಿಗೆ, ಜೋಳದ ಚೀಲ, ಆಡು, ಎಲ್ಲವನ್ನೂ ಅಚ್ಚುಕಟ್ಟಾಗಿ ಜೋಡಿಸಿ ಬುಟ್ಟಿ ತುಂಬಿದರು. ಹೆಣ್ಣುಗೊಂಬೆ ಹೊರಗೇ ಉಳಿಯಿತು.

"ಮತ್ತ ನಾ?" ಎಂದರು ಹೆಂಡತಿ.

"ನೀ ಹೆಂಗೂ ನಡಕೋತ ಬರ್ತಿ ಅಲ್ಲ?"

ಆಕೆ ಬುಟ್ಟಿ ಖಾಲಿ ಮಾಡಿ ತಾವು ತುಂಬತೊಡಗಿದರು. ಕೊಡ ಹೋಯಿತು, ತೊಟ್ಟಿಲು ಹೋಯಿತು, ಬೀಸುಕಲ್ಲೂ ಹೋಯಿತು. ಗಂಡುಗೊಂಬೆಯನ್ನು ಎತ್ತಿ ಒಮ್ಮೆ ನೋಡಿ ಹೊಳೆಯ ಕಡೆಗಿಟ್ಟರು. "ಇವರಿಗಿ ಈಸ್ಲಿಕ್ಕ ಬರ್ತದ," ಎಂದು ದಿಬ್ಬ ಹತ್ತಿದರು.

ವಕೀಲರು ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ನನಗೆಲ್ಲಿ ಈಸ್ಲಿಕ್ಕ ಬರ್ತದ್ರಿ? ಆಕಿಗಿ ಗೊತ್ತದ," ಎಂದರು.

ಉಡಿ

ಉದ್ಘಾಟನೆಗೆ ಮೊದಲು ಸಾಹೇಬರು ತಾವೇ ಪರೀಕ್ಷೆ ಮಾಡಲು ಬರುವವರಿದ್ದರು. ಆ ಬೆಳಿಗ್ಗೆ ಅವರನ್ನು ಕರೆತರಲು ನಾನು ಚಿತ್ತಾಪುರಕ್ಕೆ ಹೋದೆ. ತಿರುಗಿ ಬಂದು ನೋಡಿದರೆ ಚಾವಡಿಯ ತುಂಬ ಹೆಂಗಸರು, ಊದುಬತ್ತಿಯ ಹೊಗೆ, ಅರಿಷಿಣ ಕುಂಕುಮದ ವಾಸನೆ.

ನಮ್ಮ ಕಡೆ ಹೊಳೆ ಏರಿದರೆ ಹೆಂಗಸರು ದಂಡೆಗೆ ಹೋಗಿ ಗಂಗಮ್ಮನ ಉಡಿ ತುಂಬುತ್ತಾರೆ. ಕುಬಸದ ಬಟ್ಟೆ, ಹಸಿರು ಬಳೆ, ಅಡಿಕೆ, ತೆಂಗಿನಕಾಯಿ ನೀರಿಗೆ ಬಿಟ್ಟು, ಸಮಾಧಾನವಾಗಿ ಮನೆಗೆ ಹೋಗು ತಾಯಿ ಎಂದು ಕೈ ಮುಗಿಯುತ್ತಾರೆ. ಚಾವಡಿಯಲ್ಲಿ ಹೊಳೆ ಏರುತ್ತದೆಂದು ಕೇಳಿದ ಮೇಲೆ ಅವರು ಮನೆಯಲ್ಲಿ ಹೇಗೆ ಕೂತಾರು? ಕಾಯಿಗಳೆಲ್ಲ ನಮ್ಮ ಸಾವುಕಾರರ ಅಂಗಡಿಯಿಂದ ಬಂದವು, ಪುಕ್ಕಟೆ. ಅವರು ಬಾಗಿಲ ಹತ್ತಿರ ನಿಂತು ಬಂದವರಿಗೆಲ್ಲ ಒಳಗೆ ಹೋಗಲು ದಾರಿ ಮಾಡಿಕೊಡುತ್ತಿದ್ದರು.

ಸಾಹೇಬರು ಕೋಟಿನ ತೋಳು ಮೇಲೇರಿಸಿ ಚಕ್ರ ತಿರುಗಿಸಿದರು. ಒಳಗೆ ಕಟಕಟ ಅಂದಿತು. ಇನ್ನೊಮ್ಮೆ ಜೋರು ಹಾಕಿದರು, ಚಕ್ರ ಅಲ್ಲಾಡಲಿಲ್ಲ. ನಾನು ಕೈ ಹಾಕಿ ಪಂಪಿನೊಳಗಿಂದ ಬಳೆಯ ಚೂರು, ಅಡಿಕೆ, ಕೊನೆಗೆ ಒಂದು ಇಡೀ ಕುಬಸದ ಬಟ್ಟೆ ಎಳೆದು ತೆಗೆದೆ. ಸಾಹೇಬರ ಮುಖ ಕೆಂಪಾಯಿತು.

ಒಬ್ಬ ಅಜ್ಜಿ ಮುಂದೆ ಬಂದಳು. "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಉಡಿ ತುಂಬಿಸ್ಕೊಂಡು ಮತ್ತ ಏರ್ತಾಳೇನ್ರಿ? ಆಕಿದು ಮಾತಂದ್ರ ಮಾತು."

"ಹಂಗಾದ್ರ ಆಗ ಯಾಕ ಏರಿದ್ಳು?" ಎಂದರು ಸಾಹೇಬರು.

ಅಜ್ಜಿ ಸ್ವಲ್ಪ ಯೋಚನೆ ಮಾಡಿದಳು.

"ಆಗನೂ ಯಾರರೆ ಒಬ್ಬ ಸಾಹೇಬ್ರು ಬಂದು ಚಕ್ರ ತಿರುವಿರಬೇಕ್ರಿ."

ಶಹಾಬಾದಿನ ಬೀಗರು

ಉಡಿಗೆಂದು ಬೇರೆ ತಟ್ಟೆ ಇಟ್ಟೆವು, ಪಂಪಿಗೆ ಜಾಳಿಗೆ ಹಾಕಿದೆವು, ಉದ್ಘಾಟನೆಯೂ ಆಯಿತು. ಸಾವುಕಾರರು ಮಾತ್ರ ದಿನಾ ಬಂದು ಮಾದರಿಯ ಮುಂದೆ ನಿಲ್ಲುತ್ತಿದ್ದರು. ಯಾರಾದರೂ ಚಕ್ರಕ್ಕೆ ಕೈ ಹಾಕಿ ಅವರ ಮನೆ ಮುಳುಗಿದಾಗಲೆಲ್ಲ ಅವರ ಉಸಿರು ಸಣ್ಣಗಾಗುತ್ತಿತ್ತು.

ಗಂಡಿನವರು ಬರುವ ಹಿಂದಿನ ದಿನ ಅವರು ಬಂದು, "ಮಾಸ್ತರ್ರ, ಮಾರಿ ಬಾಡ್ಯದ, ಹೋಗಿ ಚಾ ಕುಡಿದು ಬರ್ರಿ, ನಾ ನೋಡ್ಕೋತೀನಿ," ಎಂದರು. ಪಾಪ, ಒಳ್ಳೆಯ ಮನುಷ್ಯ ಎಂದುಕೊಂಡು ಹೋದೆ. ಆ ಹೊತ್ತಿನಲ್ಲಿ ಅವರು ಅಡಕೊತ್ತಿನಿಂದ ತಮ್ಮ ಮನೆಯನ್ನು ಅಂಟಿನಿಂದ ಎಬ್ಬಿಸಿ, ಅಡಿಗೆ ಒಂದು ಪರಸಿಯ ಚೂರು ಇಟ್ಟು, ಮನೆಯನ್ನು ಅದರ ಮೇಲೆ ಕೂಡಿಸಿದ್ದರು. ನನಗೆ ಗೊತ್ತಾಗಲೇ ಇಲ್ಲ.

ಮರುದಿನ ಬೀಗರು ಬಂದರು. ಗಂಡಿನ ತಂದೆ ಪರಸಿಯ ಖಣಿ ಇಟ್ಟವರು, ತೂಕದ ಮನುಷ್ಯ. ಗಂಡು ನೆಲ ನೋಡಿಕೊಂಡೇ ಬಂದ. ಅವರ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಗಂಡಿನ ಆಯಿಯದ್ದು, ಅಂದರೆ ಅವನ ಅಪ್ಪನ ತಾಯಿಯದ್ದು. ಶಿರಾ, ಸುಸಲಾ ತಿಂದು ಮುಗಿಸಿದ ಮೇಲೆ ಆ ಆಯಿಯೇ, "ಅದೇನೋ ತಿರುವಿದ್ರ ಹೊಳಿ ಬರ್ತದಂತಲ್ಲ, ನಡೀರಿ ನೋಡಮು," ಎಂದು ಎದ್ದರಂತೆ. ಎಲ್ಲರೂ ಚಾವಡಿಗೆ ಬಂದರು. ಹುಡುಗಿಯ ತಾಯಿ ಬಾಗಿಲ ಮರೆಗೆ ನಿಂತರು. ಸಾವುಕಾರರು ಇದು ಕೋಟೆ, ಇದು ದಿಬ್ಬ ಎಂದು ತೋರಿಸುತ್ತ, "ಇದೇ ನಮ್ಮ ಮನಿ," ಎಂದು ಬೆರಳಿಟ್ಟರು. ಅವರಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತೆಂದು ನನಗೆ ಆಶ್ಚರ್ಯವಾಯಿತು.

ಆಯಿ ಚಕ್ರ ತಿರುಗಿಸಿದರು. ನೀರು ಏರಿತು. ಕೆಳಗಿನ ಓಣಿ ಹೋಯಿತು, ಮೊಹಲ್ಲಾ ಹೋಯಿತು. ಸಾವುಕಾರರ ಮನೆ ಮಾತ್ರ ನೀರಿನ ಮೇಲೆ ಒಣಗಿಯೇ ನಿಂತಿತ್ತು.

"ನೋಡ್ರಿ ಬೀಗ್ರ, ಹನಿ ನೀರು ಹತ್ತಿಲ್ಲ. ಬಾಣಂತಿ ನಿಶ್ಚಿಂತಿ ಮಲಗಬಹುದು," ಎಂದರು ಸಾವುಕಾರರು. ಗಂಡಿನ ತಂದೆ ತಲೆ ಆಡಿಸಿದರು. ಸಾವುಕಾರರು ನನಗೆ ಬೂಚು ತೆಗೆಯಿರಿ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು. ನಾನು ಬಗ್ಗಿದೆ.

"ತಡೀಪಾ ಮಾಸ್ತರ, ಇನ್ನೊಂದೀಟು," ಎಂದರು ಆಯಿ. ಅವರಿಗೆ ಚಕ್ರದ ರುಚಿ ಹತ್ತಿತ್ತು.

ನೀರು ಪರಸಿಯ ಚೂರಿನ ಮೇಲೆ ಬಂತು. ಅಂಟು ಬಿಟ್ಟ ಬೆಂಡಿನ ಮನೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿತು. ಆಮೇಲೆ ಮೆಲ್ಲಗೆ ತನ್ನ ಜಾಗ ಬಿಟ್ಟು ಹೊರಟಿತು. ಸಾವುಕಾರರ ಕೈ ಮುಂದೆ ಬಂದು ಅರ್ಧಕ್ಕೇ ನಿಂತಿತು. ಮನೆ ದಿಬ್ಬ ದಾಟಿತು, ಡೊಂಕಿನಲ್ಲಿ ಒಂದು ಸುತ್ತು ತಿರುಗಿತು, ನೆಟ್ಟಗೆ ಹೋಗಿ ಶಹಾಬಾದಿನ ಚಿಮಣಿಗೆ ತಾಗಿ ನಿಂತಿತು.

ಹುಡುಗಿಯ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಾವುಕಾರರು ಇದ್ದಲ್ಲೇ ಕುಸಿದು ಕೂತರು. ನನಗೆ ಅವರ ಮುಖ ನೋಡಲಾಗಲಿಲ್ಲ. ಆ ಕ್ಷಣ ಕೈಲಾಗಿದ್ದರೆ ಹೊಳೆಗೆ ಹೊಳೆಯನ್ನೇ ಎತ್ತಿ ಹೊರಗೆ ಚೆಲ್ಲುತ್ತಿದ್ದೆ.

ಆಯಿ ಚಕ್ರ ಬಿಟ್ಟು, ಸೊಂಟದ ಮೇಲೆ ಕೈ ಇಟ್ಟುಕೊಂಡು ಆ ತುದಿಗೆ ಹೋಗಿ ಬಗ್ಗಿ ನೋಡಿದರು.

"ಇದು ನಮ್ಮೂರೇನು?" ಎಂದು ನನ್ನನ್ನು ಕೇಳಿದರು.

"ಹೌದ್ರಿ ಆಯಿ."

ಆಯಿ ಮಗನ ಕಡೆ ತಿರುಗಿದರು. "ಮತ್ತ ಇದರಾಗ ಫಿಕರ್ ಮಾಡೋದೇನದೋ? ಹೊಳಿ ಬಂದ್ರ ಬಾಣಂತಿ ತೊಟ್ಟಿಲಾ ಸುದ್ದಾ ಸೀದಾ ನಮ್ಮ ಬಾಗಿಲಿಗೇ ಬರ್ತಾಳ. ಕರಕೊಂಡು ಬರ್ಲಿಕ್ಕ ಬಂಡಿ ಕಟ್ಟೋದು ತಪ್ತು."

ಮೊದಲು ನಕ್ಕದ್ದು ಗಂಡು, ಅಲ್ಲಿಯವರೆಗೆ ನೆಲ ನೋಡುತ್ತಿದ್ದವನು. ಆಮೇಲೆ ಅವನ ತಂದೆ, ಆಮೇಲೆ ಎಲ್ಲರೂ. ಎಲೆ ಅಡಿಕೆ ಅಲ್ಲೇ ಚಾವಡಿಯಲ್ಲೇ ಬದಲಾಯಿತು. ಸಾವುಕಾರರು ನನ್ನ ಎರಡೂ ಕೈ ಹಿಡಿದುಕೊಂಡರು. ನನ್ನ ಕಣ್ಣೂ ಒದ್ದೆಯಾಗಿತ್ತು.

ಮದುವೆ ಸಾಂಗವಾಗಿ ಮುಗಿಯಿತು. ಒಂದು ದಿನ ಆ ಮನೆಯನ್ನು ಮತ್ತೆ ಕಲ್ಲಿಗೆ ಕೂಡಿಸೋಣವೆಂದು ಅಂಟು ಕಲಸುತ್ತ ಕೂತಿದ್ದೆ. ಸಾವುಕಾರರು ಓಡೋಡಿ ಬಂದರು.

"ಅಂಟು ಹಚ್ಚಬ್ಯಾಡ್ರಿ ಮಾಸ್ತರ್ರ."

"ಯಾಕ್ರಿ? ಮಗಳ ಲಗ್ನ ಆಯ್ತಲ್ಲ."

"ಸಣ್ಣಾಕಿ ಇದ್ದಾಳಲ್ರಿ. ಆಕಿಗಿ ಮಳಖೇಡದ ಕಡಿಂದ ಸಂಬಂಧ ಬಂದದ."

ಮಳಖೇಡ ಇರುವುದು ಮೇಲಿನ ತುದಿಗೆ, ನೀರು ಅಲ್ಲಿಂದಲೇ ಇಳಿದು ಬರುತ್ತದೆ. ಸಾವುಕಾರರು ಆ ತುದಿ ನೋಡಿದರು, ಈ ತುದಿ ನೋಡಿದರು, ತಮ್ಮ ಮನೆಯನ್ನು ನೋಡಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅವರು ಬಂದು ಹೋಗೋತನಕ, ಜರಾ ಹೊಳಿ ಹಿಂದಕ್ಕ ಹರಿಯೋ ಹಂಗ ಮಾಡ್ರಿ."